ಫೋನಿನ ಕೋಷ್ಟಕವೂ ಒಂದು ಆಕರ

2014ರ ಫೆಬ್ರವರಿಯಲ್ಲಿ ಮೋಟೊರೊಲಾದ ಮೋಟೋ ಜಿ ಭಾರತಕ್ಕೆ ಬಂತು. ಅದರ 16 ಜಿಬಿ ಮಾದರಿಯ ಬೆಲೆ 13,999 ರೂಪಾಯಿ. ಅದೇ ವರ್ಷದ ಜುಲೈಯಲ್ಲಿ ಚೀನಾದ ಶವೋಮಿ ಕಂಪನಿ ಮಿ 3 ಫೋನನ್ನು ತಂದಿತು. ಅದಕ್ಕೂ 13,999 ರೂಪಾಯಿ. ಇಬ್ಬರೂ ಬೀದಿಯ ಅಂಗಡಿಗಳನ್ನು ಬಿಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟ್ ಜಾಲತಾಣದ ಮೂಲಕ ಮಾರಾಟಕ್ಕಿಳಿದರು. ಮಿ 3 ಬೇಕಾದವರಂತೂ ಮೊದಲೇ ಹೆಸರು ನೋಂದಾಯಿಸಿ, ಹೇಳಿದ ಹೊತ್ತಿಗೆ ಪರದೆಯ ಮುಂದೆ ಕಾದು ಕೂರಬೇಕಿತ್ತು. ಕೈಯಲ್ಲಿ ಹಿಡಿದು ನೋಡದೆ ಆರಿಸುವುದಾದರೂ ಹೇಗೆ? ಫೋನುಗಳ ಹೋಲಿಕೆಯ ಕೋಷ್ಟಕ ಅದಕ್ಕೂ ಮೊದಲೇ ಇತ್ತು. ಆದರೆ ಆ ವರ್ಷದಿಂದ ಬಹಳ ಜನರಿಗೆ ಅದೇ ಅಂಗಡಿಯಾಯಿತು, ಅದೇ ಅಂಗಡಿಯವನ ಮಾತೂ ಆಯಿತು.

ಇತಿಹಾಸದ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಫೋನು ಕೆಲಸದ ಉಪಕರಣ. ಮುಟ್ಟಿದರೆ ಅಂಚು ಉದುರುವ ಹಳೆಯ ಪತ್ರಿಕೆಗಳನ್ನು ಜೆರಾಕ್ಸ್ ಯಂತ್ರದ ಮೇಲೆ ಮಗುಚಿ ಒತ್ತಲಾಗದು. ಅನುಮತಿ ಪಡೆದು, ಮಂದ ಬೆಳಕಿನಲ್ಲಿ ಫೋನಿನಿಂದಲೇ ಪುಟಪುಟವನ್ನೂ ಸೆರೆಹಿಡಿಯಬೇಕು. ಟಿಪ್ಪಣಿಯನ್ನೂ ಅದರಲ್ಲೇ ಕನ್ನಡದಲ್ಲಿ ಬೆರಳಚ್ಚಿಸಬೇಕು. ಶಿಷ್ಯವೇತನ ಬರುವುದು ತಿಂಗಳುಗಟ್ಟಲೆ ತಡವಾಗಿ. ಬಂದದ್ದರಲ್ಲಿ ದೊಡ್ಡ ಪಾಲು ಫೋನಿಗೆ ಹೋದರೆ ಅದು ಪ್ರಬಂಧ ಮುಗಿಯುವವರೆಗೂ ದುಡಿಯಲೇಬೇಕು. ಹಾಗಾಗಿ ಈ ಸಲ ಕೊಳ್ಳುವ ಮುನ್ನ ಕೋಷ್ಟಕವನ್ನು ಶಾಸನ ಓದುವ ಹಾಗೆ ಓದಲು ಕುಳಿತೆ. ಇದನ್ನು ಬರೆಸಿದವರು ಯಾರು? ಯಾರಿಗಾಗಿ? ಏನನ್ನು ಬಿಟ್ಟಿದ್ದಾರೆ?

ಮೊದಲು ಆ ಹಳೆಯ ಜೋಡಿಯನ್ನೇ ನೋಡೋಣ. ಮೋಟೋ ಜಿಗೆ 4.5 ಇಂಚಿನ ಪರದೆ, 1 ಜಿಬಿ ರ್‍ಯಾಮ್, 5 ಮೆಗಾಪಿಕ್ಸೆಲ್ ಕ್ಯಾಮೆರಾ, 2070 ಎಂಎಎಚ್ ಬ್ಯಾಟರಿ. ಮಿ 3ಕ್ಕೆ 5 ಇಂಚು, 2 ಜಿಬಿ, 13 ಮೆಗಾಪಿಕ್ಸೆಲ್, 3050 ಎಂಎಎಚ್. ಸಾಲು ಸಾಲಿನಲ್ಲೂ ಮಿ 3 ಗೆದ್ದಿತು. ಆದರೆ ನಮ್ಮಲ್ಲಿ ಮಾರಿದ ಮೋಟೋ ಜಿಗೆ ಎರಡು ಸಿಮ್, ಮಿ 3ಕ್ಕೆ ಒಂದೇ. ಊರಿನ ಮನೆಯಲ್ಲಿ ಒಂದು ಕಂಪನಿಯ ಸಿಗ್ನಲ್, ಹಾಸ್ಟೆಲಿನಲ್ಲಿ ಇನ್ನೊಂದರ ಸಿಗ್ನಲ್ ಸಿಗುವ ವಿದ್ಯಾರ್ಥಿಗೆ ಆ ಒಂದು ಸಾಲು ಉಳಿದೆಲ್ಲ ಸಾಲುಗಳಿಗಿಂತ ಭಾರ. ಕೋಷ್ಟಕ ಎಲ್ಲ ಸಾಲುಗಳನ್ನೂ ಒಂದೇ ಎತ್ತರದಲ್ಲಿ ಬರೆಯುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಓದುವವರೇ ಹಾಕಿಕೊಳ್ಳಬೇಕು.

ಕೆಲವು ಸಲ ಬೇಕಾದ ಸಾಲೇ ಕೋಷ್ಟಕದಲ್ಲಿರುವುದಿಲ್ಲ. 2007ರಲ್ಲಿ ನೋಕಿಯಾ ಎನ್95 ಮತ್ತು ಮೊದಲ ಐಫೋನ್ ಎರಡೂ ಮಾರುಕಟ್ಟೆಗೆ ಬಂದವು. ನೋಕಿಯಾದಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ, 3ಜಿ, ಜಿಪಿಎಸ್, ವಿಡಿಯೊ ಚಿತ್ರೀಕರಣ ಎಲ್ಲ ಇತ್ತು. ಐಫೋನಿನದು 2 ಮೆಗಾಪಿಕ್ಸೆಲ್ ಕ್ಯಾಮೆರಾ. 3ಜಿ ಇಲ್ಲ, ಜಿಪಿಎಸ್ ಇಲ್ಲ, ವಿಡಿಯೊ ತೆಗೆಯಲಾಗದು, ಬರೆದದ್ದನ್ನು ನಕಲಿಸಿ ಅಂಟಿಸಲೂ ಆಗದು. ಅಂಕಿಗಳನ್ನಷ್ಟೇ ನೋಡಿದವರಿಗೆ ಸ್ಪರ್ಧೆ ಅಲ್ಲಿಗೇ ಮುಗಿದಿತ್ತು. ಆದರೆ ಮುಂದಿನ ಫೋನುಗಳೆಲ್ಲ ಯಾವುದರ ದಾರಿ ಹಿಡಿದವು ಎಂಬುದನ್ನು ನಾವು ಕಂಡಿದ್ದೇವೆ. ಬೆರಳಿಗೆ ಪರದೆ ಎಷ್ಟು ಸಲೀಸಾಗಿ ಓಗೊಡುತ್ತದೆ ಎಂಬುದಕ್ಕೆ ಆಗಿನ ಕೋಷ್ಟಕದಲ್ಲಿ ಅಂಕಿಯಿರಲಿಲ್ಲ.

ಇನ್ನು ಇರುವ ಅಂಕಿಗಳ ಮಾತು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ದೊರೆ ಇಮ್ಮಡಿ ಪುಲಕೇಶಿಯನ್ನು ಹಾಡಿ ಹೊಗಳಿದ್ದಾನೆ. ಅದು ಪ್ರಶಸ್ತಿ, ಹೊಗಳುವುದೇ ಅದರ ಕೆಲಸ. ಹರ್ಷ ಸೋತ ಎಂಬ ಅದರ ಮಾತನ್ನು ನಾವು ನಂಬುವುದಕ್ಕೆ ಇನ್ನೊಂದು ಕಾರಣವಿದೆ. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೇ ಹರ್ಷನಿಗೆ ಈ ನಾಡನ್ನು ಗೆಲ್ಲಲಾಗಲಿಲ್ಲ ಎಂದು ಬರೆದಿದ್ದಾನೆ. ಫೋನಿನ ಬಿಡುಗಡೆಯ ದಿನ ವೇದಿಕೆಯ ಮೇಲೆ ಕೇಳುವುದೂ ಪ್ರಶಸ್ತಿಯೇ. ಅದಕ್ಕೂ ಒಬ್ಬ ಹ್ಯೂಯೆನ್ ತ್ಸಾಂಗ ಬೇಕು. 2013ರಲ್ಲಿ ಆನಂದ್‌ಟೆಕ್ ಎಂಬ ವಿಮರ್ಶಾ ತಾಣ ಇದೇ ಕೆಲಸ ಮಾಡಿತು. ವೇಗ ಅಳೆಯುವ ಕೆಲವು ಆಪ್‌ಗಳು ತೆರೆದಾಗ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಒಂದು ಮಾದರಿ ಅದನ್ನು ಗುರುತಿಸಿ, ಬೇರೆ ಆಪ್‌ಗಳಿಗೆ ಕೊಡದ ವೇಗವನ್ನು ಅವಕ್ಕೆ ಕೊಡುತ್ತಿದ್ದುದನ್ನು ಅದು ತೋರಿಸಿತು. ಅಂಕಿ ಸುಳ್ಳಾಗಿರಲಿಲ್ಲ. ಆದರೆ ಅದು ಪರೀಕ್ಷೆಯ ದಿನದ ಅಂಕಿ.

ಮೆಗಾಪಿಕ್ಸೆಲ್ಲಿನ ಕಥೆಯೂ ಇಂಥದ್ದೇ. 2015ರ ಐಫೋನ್ 6ಎಸ್‌ನಿಂದ 2021ರ ಐಫೋನ್ 13ರವರೆಗೆ ಮುಖ್ಯ ಕ್ಯಾಮೆರಾ 12 ಮೆಗಾಪಿಕ್ಸೆಲ್ಲಿನಲ್ಲೇ ಇತ್ತು. ಚಿತ್ರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸುಧಾರಿಸಿದವು. ಇತ್ತ 50 ಮೆಗಾಪಿಕ್ಸೆಲ್ ಎಂದು ಬರೆದ ಬಹಳಷ್ಟು ಫೋನುಗಳು ನಾಲ್ಕು ನಾಲ್ಕು ಬಿಂದುಗಳನ್ನು ಕೂಡಿಸಿ ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆ. ಹಾಗಾಗಿ ಅಂಗಡಿಗೆ ಹೋಗುವಾಗ ಒಂದು ಹಳೆಯ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೆ. ದೀಪದಿಂದ ದೂರ ನಿಂತು ಎರಡು ಫೋನುಗಳಲ್ಲೂ ಒಂದೇ ಪುಟದ ಚಿತ್ರ ತೆಗೆದು, ಹಿಗ್ಗಿಸಿ, ಒತ್ತಕ್ಷರಗಳು ಓದಲು ಬರುತ್ತವೆಯೇ ಎಂದು ನೋಡಿದೆ. ಕಡಿಮೆ ಮೆಗಾಪಿಕ್ಸೆಲ್ಲಿನದರಲ್ಲೇ ಅಕ್ಷರ ಸ್ಪಷ್ಟವಾಗಿತ್ತು.

ಒತ್ತಕ್ಷರ ಎಂದಾಗ ಕೋಷ್ಟಕದ ಅತಿ ದೊಡ್ಡ ಮೌನ ನೆನಪಾಗುತ್ತದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೂ ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ, ಐಫೋನಿಗೆ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. 2018ರಲ್ಲಿ ತೆಲುಗಿನ ಒಂದೇ ಒಂದು ಸಂಯುಕ್ತಾಕ್ಷರ ಸಂದೇಶದಲ್ಲಿ ಬಂದರೆ ಐಫೋನಿನ ಆಪ್‌ಗಳು ಕುಸಿಯುತ್ತಿದ್ದವು. ಆಪಲ್ ಅದನ್ನು ಬೇಗನೆ ತಿದ್ದಿತು. ಅಷ್ಟು ವರ್ಷಗಳಲ್ಲಿ ‘ಕನ್ನಡ ಸರಿಯಾಗಿ ಮೂಡುತ್ತದೆಯೇ’ ಎಂಬ ಸಾಲನ್ನು ನಾನು ಯಾವ ಹೋಲಿಕೆಯಲ್ಲೂ ಕಾಣಲಿಲ್ಲ. ಕೊನೆಗೆ ಆ ಸಾಲನ್ನು ಬರೆದದ್ದು ಮಾರುವವರಲ್ಲ, ಸರ್ಕಾರ. ಭಾರತದ 22 ಭಾಷೆಗಳನ್ನೂ ಫೋನಿನಲ್ಲಿ ಓದಲು ಬರಬೇಕು ಎಂಬ ಮಾನಕವನ್ನು ಅದು 2016ರಲ್ಲಿ ಕಡ್ಡಾಯಗೊಳಿಸಿತು.

ಬಾಳಿಕೆಯ ಸಾಲು ಬಂದದ್ದೂ ಈಚೆಗೆ. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಹೇಳಿದವು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕನಿಷ್ಠ ಐದು ವರ್ಷಗಳ ಅಪ್‌ಡೇಟ್ ಕಾನೂನೇ ಆಗಿದೆ. ಈ ಸಾಲು ಸೇರಿದರೆ ಬೆಲೆಯ ಅರ್ಥವೇ ಬದಲಾಗುತ್ತದೆ. 18,000 ರೂಪಾಯಿಯ ಫೋನು ಎರಡು ವರ್ಷ ಬಾಳಿದರೆ ವರ್ಷಕ್ಕೆ 9,000. 30,000ದ್ದು ಆರು ವರ್ಷ ಬಾಳಿದರೆ ವರ್ಷಕ್ಕೆ 5,000. ಆದರೆ ಆ 30,000ವನ್ನು ಒಟ್ಟಿಗೆ ಹೊಂದಿಸಲಾಗದವರು ವರ್ಷಕ್ಕೆ 9,000 ತೆರುತ್ತಲೇ ಇರಬೇಕಾಗುತ್ತದೆ. ಕಂತಿನ ಮೊತ್ತ ಬರೆಯುವ ಜಾಗದಲ್ಲಿ ಈ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಕೊನೆಗೆ ನಾನು ನನ್ನದೇ ಕೋಷ್ಟಕ ಬರೆದುಕೊಂಡೆ. ಅದರಲ್ಲಿ ನಾಲ್ಕೇ ಸಾಲು: ಮಂದ ಬೆಳಕಿನಲ್ಲಿ ಅಚ್ಚಿನ ಅಕ್ಷರ, ಕನ್ನಡದ ಬೆರಳಚ್ಚು, ಅಪ್‌ಡೇಟ್ ಎಷ್ಟು ವರ್ಷ, ಬ್ಯಾಟರಿ ಬದಲಿಸಲು ನಮ್ಮೂರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ. ಮಾರುವವರ ಕೋಷ್ಟಕದಲ್ಲಿ ಹಿಂದೆ ಬಿದ್ದಿದ್ದ ಫೋನು ನನ್ನದರಲ್ಲಿ ಮುಂದೆ ಬಂತು, ಅದನ್ನೇ ಕೊಂಡೆ. ಕಿರಿಯ ಗೆಳೆಯರು ಯಾವ ಫೋನು ಒಳ್ಳೆಯದು ಎಂದು ಕೇಳುತ್ತಲೇ ಇರುತ್ತಾರೆ. ನಾನು ಹೆಸರು ಹೇಳುವುದಿಲ್ಲ. ನಿಮ್ಮ ನಾಲ್ಕು ಸಾಲು ಯಾವುವು ಎಂದು ಮೊದಲು ಬರೆದು ತನ್ನಿ, ಆಮೇಲೆ ಕೂತು ನೋಡೋಣ ಎನ್ನುತ್ತೇನೆ.