ಯಕೃತ್ತಿನ ಸೂಜಿ ಬಯಾಪ್ಸಿ

ಯಕೃತ್ತಿನ ಸೂಜಿ ಬಯಾಪ್ಸಿ ಎಂಬುದು ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಕಂಡುಬಂದ ಗಂಟಿನ ಸ್ವರೂಪವನ್ನು ತಿಳಿಯಲು ಚರ್ಮದ ಮೂಲಕ ಸೂಜಿಯನ್ನು ಹಾಯಿಸಿ ಮಾದರಿಯನ್ನು ತೆಗೆಯುವ ವಿಧಾನವಾಗಿದೆ. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಸ್ಕ್ಯಾನ್ ಚಿತ್ರವು ಸೂಜಿಗೆ ದಾರಿ ತೋರಿಸುತ್ತದೆ.

ಇತಿಹಾಸ
1883ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಯಕೃತ್ತಿನಿಂದ ಸೂಜಿಯ ಮೂಲಕ ಮಾದರಿ ತೆಗೆದನೆಂದು ಹೇಳಲಾಗುತ್ತದೆ. 1958ರಲ್ಲಿ ಇಟಲಿಯ ಮೆಂಘಿನಿ ಪ್ರಕಟಿಸಿದ ವಿಧಾನದಲ್ಲಿ ಸೂಜಿಯು ಯಕೃತ್ತಿನೊಳಗೆ ಇರುತ್ತಿದ್ದುದು ಸುಮಾರು ಒಂದು ಸೆಕೆಂಡು ಮಾತ್ರ. ಆಗ ವೈದ್ಯರು ಪಕ್ಕೆಯನ್ನು ಬೆರಳಿನಿಂದ ತಟ್ಟಿ, ಶಬ್ದದಿಂದಲೇ ಯಕೃತ್ತಿನ ಸ್ಥಾನವನ್ನು ಗುರುತಿಸುತ್ತಿದ್ದರು. ಇಡೀ ಅಂಗವನ್ನು ವ್ಯಾಪಿಸಿದ ರೋಗಕ್ಕೆ ಇದು ಸಾಲುತ್ತಿತ್ತು. ಎರಡು ಸೆಂಟಿಮೀಟರಿನ ಗಂಟಿಗೆ ಸಾಲದು.

ಅಗತ್ಯ
ಎಲ್ಲ ಗಂಟುಗಳಿಗೂ ಸೂಜಿ ಬೇಕಿಲ್ಲ. ರಕ್ತನಾಳಗಳಿಂದಾದ ಹೆಮಾಂಜಿಯೋಮ ಎಂಬ ನಿರುಪದ್ರವಿ ಗಂಟನ್ನು ಸಾಮಾನ್ಯವಾಗಿ ಸ್ಕ್ಯಾನಿನಲ್ಲಿಯೇ ಗುರುತಿಸಬಹುದು. ಸಿರೋಸಿಸ್ ಇರುವವರಲ್ಲಿ ಗಂಟು ಕಾಂಟ್ರಾಸ್ಟ್ ದ್ರವವನ್ನು ಬೇಗನೆ ಹೀರಿ ಬೆಳಗಿ, ಬಳಿಕ ಸುತ್ತಲಿನ ಭಾಗಕ್ಕಿಂತ ಮಂಕಾದರೆ, ಬಯಾಪ್ಸಿ ಇಲ್ಲದೆಯೇ ಯಕೃತ್ತಿನ ಕ್ಯಾನ್ಸರೆಂದು ನಿರ್ಣಯಿಸುವುದುಂಟು. ಚಿತ್ರವು ಸ್ಪಷ್ಟ ಉತ್ತರ ಕೊಡದಿದ್ದಾಗ, ಅಥವಾ ಬೇರೆ ಅಂಗದಿಂದ ಹರಡಿದ ಕ್ಯಾನ್ಸರಿನ ಮೂಲವನ್ನು ಪತ್ತೆಮಾಡಬೇಕಾದಾಗ, ಮಾದರಿ ಅನಿವಾರ್ಯವಾಗುತ್ತದೆ.

ವಿಧಾನ
ಮೊದಲು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಪ್ಲೇಟ್‌ಲೆಟ್ ಸಂಖ್ಯೆಯನ್ನೂ ಪರೀಕ್ಷಿಸುತ್ತಾರೆ. ಚರ್ಮವನ್ನು ಮರಗಟ್ಟಿಸಿ, ರೋಗಿಗೆ ಉಸಿರು ಹಿಡಿಯಲು ಹೇಳಿ ಸೂಜಿಯನ್ನು ಒಳಗೆ ಕಳುಹಿಸುತ್ತಾರೆ. ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳಗಳಿರುವುದರಿಂದ ಮೇಲಂಚಿನ ಮಗ್ಗುಲಲ್ಲೇ ಚುಚ್ಚುವುದು ರೂಢಿ. 22 ಅಥವಾ 25 ಗೇಜಿನ ಸೂಜಿಯಿಂದ ಬಿಡಿಕೋಶಗಳು ದೊರೆತರೆ, 18 ಗೇಜಿನ ಸೂಜಿಯಿಂದ ಅಂಗಾಂಶದ ಎಳೆಯೇ ದೊರೆಯುತ್ತದೆ. (ಗೇಜಿನ ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣದೆಂಬುದು ವಿದ್ಯಾರ್ಥಿಗಳನ್ನು ಗೊಂದಲಗೊಳಿಸುವ ಸಂಗತಿ.) ಕೆಲವು ಕ್ಯಾನ್ಸರ್ ಕೋಶಗಳು ಆರೋಗ್ಯವಂತ ಯಕೃತ್ಕೋಶಗಳನ್ನು ಬಹುವಾಗಿ ಹೋಲುವುದರಿಂದ, ಜೋಡಣೆ ಕೆಡದ ಎಳೆಯೇ ಹೆಚ್ಚು ಉಪಯುಕ್ತ. ನಂತರ ಕೆಲವು ಗಂಟೆಗಳ ಕಾಲ ರೋಗಿಯ ನಾಡಿಯನ್ನೂ ರಕ್ತದೊತ್ತಡವನ್ನೂ ಗಮನಿಸುತ್ತಾರೆ. ಬಲಭುಜದಲ್ಲಿ ನೋವು ಕಾಣಿಸಬಹುದು. ವಪೆಗೂ ಭುಜಕ್ಕೂ ನರಗಳ ಮೂಲ ಒಂದೇ ಆಗಿರುವುದು ಇದಕ್ಕೆ ಕಾರಣ.

ಅಪಾಯ ಮತ್ತು ಮಿತಿಗಳು
ರಕ್ತಸ್ರಾವವೇ ಮುಖ್ಯ ಅಪಾಯ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಜನರ ಭಯವು ಪೂರ್ಣ ನಿರಾಧಾರವಲ್ಲ. ಸೂಜಿಯ ಜಾಡಿನಲ್ಲಿ ಕೋಶಗಳು ನೆಲೆಸುವುದು ವಿರಳವಾಗಿ ಸಂಭವಿಸುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಯಿಂದ ಅಥವಾ ಯಕೃತ್ತಿನ ಕಸಿಯಿಂದ ಗುಣವಾಗಬಹುದಾದವರಲ್ಲಿ ವೈದ್ಯರು ವಿಚಾರಮಾಡಿ ಮುಂದುವರಿಯುತ್ತಾರೆ. ಆದರೆ ಈ ಭಯದಿಂದ ಅಗತ್ಯವಾದ ಪರೀಕ್ಷೆಯನ್ನೇ ನಿರಾಕರಿಸಿದರೆ ಚಿಕಿತ್ಸೆಯ ಕಾಲ ಮೀರಬಹುದು. ಮಾದರಿಯಲ್ಲಿ ಕ್ಯಾನ್ಸರ್ ಕಾಣದಿದ್ದರೂ ಅದು ಇಲ್ಲವೆಂದು ಸಿದ್ಧವಾಗುವುದಿಲ್ಲ: ಸೂಜಿಯು ಗಂಟಿನ ಪಕ್ಕಕ್ಕೆ ಸರಿದಿರಬಹುದು, ಅಥವಾ ಗಂಟಿನ ನಡುವಿನ ಸತ್ತ ಭಾಗಕ್ಕೆ ತಾಗಿರಬಹುದು. ಚಿತ್ರವೂ ವರದಿಯೂ ಹೊಂದದಿದ್ದಲ್ಲಿ ಮತ್ತೊಮ್ಮೆ ಮಾದರಿ ತೆಗೆಯಬೇಕಾಗುತ್ತದೆ.