ಹುಂಡಿ ಎಂಬ ಪದ ಮತ್ತು ಕೊಬ್ಬರಿಯ ಗಡುವು

ಹುಂಡಿ ಎಂಬ ಪದ ಇಂದಿನ ಕನ್ನಡದಲ್ಲಿ ಮುಖ್ಯವಾಗಿ ದೇವಾಲಯದ ಕಾಣಿಕೆ ಪೆಟ್ಟಿಗೆಯನ್ನು ಸೂಚಿಸುತ್ತದೆ. ಮೈಸೂರು ಸೀಮೆಯಲ್ಲಿ ಅದೇ ಪದ ಸಿದ್ದರಾಮನಹುಂಡಿ, ಕೆಂಪಯ್ಯನಹುಂಡಿ ಮೊದಲಾದ ಊರ ಹೆಸರುಗಳ ಕೊನೆಗೆ ಸೇರಿ ಸಣ್ಣ ಹಳ್ಳಿ ಎಂಬ ಅರ್ಥವನ್ನು ಕೊಡುತ್ತದೆ. ಇವೆರಡಕ್ಕಿಂತ ಬೇರೆಯಾದ ಮೂರನೆಯ ಅರ್ಥವೊಂದು ವರ್ತಕರ ಮಾತಿನಲ್ಲಿತ್ತು: ಒಂದು ಊರಿನಲ್ಲಿ ಹಣ ಪಡೆದವನು ಇನ್ನೊಂದು ಊರಿನಲ್ಲಿರುವ ತನ್ನ ವ್ಯವಹಾರಸ್ಥನಿಗೆ, ಪತ್ರ ತಂದವರಿಗೆ ಇಷ್ಟು ಮೊತ್ತವನ್ನು ಕೊಡತಕ್ಕದ್ದೆಂದು ಬರೆದುಕೊಡುತ್ತಿದ್ದ ಆಜ್ಞಾಪತ್ರಕ್ಕೂ ಹುಂಡಿ ಎಂದೇ ಹೆಸರು. ಬೆಳೆಯುವ ತೋಟಕ್ಕೂ ತಿನ್ನುವ ಊರಿಗೂ ನಡುವೆ ನೂರಾರು ಮೈಲಿಗಳ ಅಂತರವಿರುವ ಕೊಬ್ಬರಿಯನ್ನೇ ನಂಬಿ ಬದುಕುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಆರ್ಥಿಕ ಚರಿತ್ರೆಯನ್ನು ಅರಿಯಬೇಕಾದರೆ ಈ ಮೂರನೆಯ ಅರ್ಥವನ್ನು ಬಿಡಿಸಿ ನೋಡುವುದು ಅಗತ್ಯ.

ಸಂಸ್ಕೃತದ ಧಾತುಪಾಠದಲ್ಲಿ ‘ಹುಂಡ್’ ಎಂಬ ಧಾತುವಿಗೆ ಕೂಡಿಹಾಕು, ಒಟ್ಟುಗೂಡಿಸು ಎಂಬ ಅರ್ಥವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಹಣನು ರಚಿಸಿದ ರಾಜತರಂಗಿಣಿಯಲ್ಲಿ ‘ಹುಂಡಿಕಾ’ ಎಂಬ ರೂಪವು ಸೈನಿಕರ ನಿರ್ವಹಣೆಗಾಗಿ ಹಣ ಸಲ್ಲಿಸಲು ಕೊಡುವ ಆದೇಶಪತ್ರವನ್ನು ಸೂಚಿಸುತ್ತದೆ. ನೆರೆಯ ತಮಿಳಿನಲ್ಲಿ ‘ಉಂಡಿಯಲ್’ ಎಂಬ ಒಂದೇ ಪದ ಹಣ ಕೂಡಿಡುವ ಪೆಟ್ಟಿಗೆಗೂ ಹಣ ಕಳುಹಿಸುವ ಪತ್ರಕ್ಕೂ ಸಲ್ಲುವುದನ್ನು ಗಮನಿಸಿದರೆ, ಪೆಟ್ಟಿಗೆ ಮತ್ತು ಪತ್ರ ಎಂಬ ಎರಡು ಅರ್ಥಗಳು ದಕ್ಷಿಣದಲ್ಲಿ ಒಂದೇ ಪದದ ಆಶ್ರಯದಲ್ಲಿ ಬಾಳಿ ಬಂದಿರುವುದು ಸ್ಪಷ್ಟವಾಗುತ್ತದೆ.

ತಿಪಟೂರು ಸೀಮೆಯ ತೆಂಗಿನ ಕೃಷಿ ಹಳೆಯದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಭಾಗದ ತೋಟಗಳನ್ನೂ ಸಂತೆಗಳನ್ನೂ ವಿವರಿಸಿದ್ದಾನೆ. ಇಲ್ಲಿನ ವಿಶೇಷವೆಂದರೆ ಉಂಡೆ ಕೊಬ್ಬರಿ. ಕೇರಳದಲ್ಲಿ ಕಾಯಿಯನ್ನು ಎರಡು ಹೋಳು ಮಾಡಿ ಒಣಗಿಸಿ ಎಣ್ಣೆಗೆ ಕಳುಹಿಸುವುದು ರೂಢಿಯಾದರೆ, ತಿಪಟೂರಿನ ಸುತ್ತಿನಲ್ಲಿ ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇರಿಸುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಸದ್ದು ಮಾಡತೊಡಗಿದ ಮೇಲೆ ಕಾಯಿ ಸುಲಿದು, ಉಂಡೆ ಒಡೆಯದಂತೆ ಎಚ್ಚರದಿಂದ ಚಿಪ್ಪನ್ನು ಬಿಡಿಸುತ್ತಾರೆ. ಹೀಗೆ ಸಿದ್ಧವಾದ ಉಂಡೆಗೆ ಉತ್ತರ ಭಾರತದಲ್ಲಿ ‘ಗೋಲಾ’ ಎಂಬ ಹೆಸರಿದ್ದು, ಅಲ್ಲಿ ಅದು ಒಣಹಣ್ಣುಗಳ ಜೊತೆಗೂ, ಪೂಜೆಯ ಪ್ರಸಾದಕ್ಕೂ, ಮದುವೆಯ ಉಡುಗೊರೆಗೂ ಸಲ್ಲುತ್ತದೆ. ಮರದಿಂದ ಇಳಿದ ಕಾಯಿ ಹಣವಾಗಲು ಸುಮಾರು ಒಂದು ವರ್ಷ ಕಾಯಬೇಕಾದುದರಿಂದ ಕೊಬ್ಬರಿ ತನ್ನ ಸ್ವಭಾವದಲ್ಲಿಯೇ ಗಡುವಿನ ಬೆಳೆ. ಆ ಗಡುವಿಗೆ ದೆಹಲಿ, ರಾಜಸ್ಥಾನ, ಗುಜರಾತುಗಳ ದೂರವೂ ಸೇರಿದಾಗ ಸಾಲವಿಲ್ಲದೆ, ಸಾಲಪತ್ರವಿಲ್ಲದೆ ಈ ವ್ಯಾಪಾರ ನಡೆಯುವುದು ಅಸಾಧ್ಯವಾಗುತ್ತದೆ.

ಕಾಲ ಮತ್ತು ದೂರಗಳೆಂಬ ಈ ಎರಡು ತೊಡಕುಗಳನ್ನು ನಿಭಾಯಿಸಲೆಂದೇ ಭಾರತದ ವರ್ತಕರು ಹುಂಡಿಯ ಹಲವು ಬಗೆಗಳನ್ನು ರೂಪಿಸಿದ್ದರು. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಇಂತಿಷ್ಟು ದಿನಗಳ ಅವಧಿ ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಶಾಹಜೋಗ್ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರುವಾಸಿಯಾದ ‘ಶಾಹ’, ಅಂದರೆ ಗೌರವಸ್ಥ ವರ್ತಕನ ಮೂಲಕವೇ ಪಡೆಯಬೇಕಾಗಿದ್ದುದರಿಂದ, ದಾರಿಯಲ್ಲಿ ಪತ್ರವನ್ನು ಕದ್ದವನಿಗೆ ಅದು ಬರಿಯ ಕಾಗದವಾಗಿಯೇ ಉಳಿಯುತ್ತಿತ್ತು. ಸರಕು ಕ್ಷೇಮವಾಗಿ ತಲುಪಿದರೆ ಮಾತ್ರ ಹಣ ಸಲ್ಲಬೇಕೆಂಬ ಜೋಖಮಿ ಹುಂಡಿಯಲ್ಲಿ ಸಾಲ ಮತ್ತು ವಿಮೆಗಳೆರಡೂ ಬೆರೆತಿದ್ದವು. ಪತ್ರ ಕಳೆದುಹೋದರೆ ಪೇಠ್ ಎಂಬ ಎರಡನೆಯ ಪ್ರತಿಯನ್ನೂ, ಅದೂ ಕಳೆದರೆ ಪರಪೇಠ್ ಎಂಬ ಮೂರನೆಯ ಪ್ರತಿಯನ್ನೂ ಬರೆಯಲಾಗುತ್ತಿತ್ತು. ಹಣ ಸಂದು ರದ್ದಾದ ಹುಂಡಿಯನ್ನು ಖೋಖಾ ಎಂದು ಕರೆಯುತ್ತಿದ್ದರು. ಬ್ರಿಟಿಷ್ ಭಾರತದ 1881ರ ವರ್ಗಾವಣೀಯ ಪತ್ರಗಳ ಕಾಯ್ದೆಯು ದೇಶಭಾಷೆಗಳಲ್ಲಿ ಬರೆದ ಇಂತಹ ಪತ್ರಗಳ ಸ್ಥಳೀಯ ರೂಢಿಗೆ ಧಕ್ಕೆ ಬಾರದಂತೆ ತನ್ನ ಮೊದಲ ಕಲಮಿನಲ್ಲಿಯೇ ವಿನಾಯಿತಿ ನೀಡಿದ್ದು, ಪೇಟೆಯ ನಂಬಿಕೆಗೆ ಕಾನೂನು ತೋರಿದ ಮನ್ನಣೆಯಾಗಿದೆ.

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದ ಕಡೆಗೆ ಹಾಕಲಾದ ರೈಲುಮಾರ್ಗವು, ಎತ್ತಿನ ಗಾಡಿಯನ್ನು ನಂಬಿದ್ದ ತೆಂಗಿನ ನಾಡನ್ನು ದೂರದ ಪೇಟೆಗಳಿಗೆ ಜೋಡಿಸಿತು. ರೈಲಿನ ಕಾಲದ ಸಗಟು ವ್ಯಾಪಾರದಲ್ಲಿ ಹುಂಡಿಗೆ ಹೊಸದೊಂದು ರೂಪ ಬಂದಿತು: ಸರಕು ಹೇರಿದವನು ರೈಲ್ವೆ ರಶೀದಿಗೆ ಹುಂಡಿಯನ್ನು ಲಗತ್ತಿಸಿ ಬ್ಯಾಂಕಿಗೆ ಒಪ್ಪಿಸುತ್ತಿದ್ದನು, ದೂರದ ಖರೀದಿದಾರನು ಹುಂಡಿಯ ಹಣ ಕಟ್ಟಿದ ಮೇಲೆಯೇ ಅವನ ಕೈಗೆ ರಶೀದಿಯೂ, ರಶೀದಿಯ ಬಲದಿಂದ ಸರಕೂ ಸೇರುತ್ತಿದ್ದವು. ಹೊರ ರಾಜ್ಯಗಳಿಗೆ ಕೊಬ್ಬರಿ ಕಳುಹಿಸುವ ವರ್ತಕನಿಗೆ ತಿಪಟೂರಿನಲ್ಲಿ ‘ರವಾನೆದಾರ’ ಎಂಬ ಹೆಸರಿದೆ. ಪಾರಸಿ ಮೂಲದ ‘ರವಾನೆ’ಗೆ ಕಳುಹಿಸುವಿಕೆ ಎಂದು ಅರ್ಥ, ಸರಕಿನ ರವಾನೆ ಉತ್ತರಕ್ಕೆ ಸಾಗಿದಂತೆ ಹಣದ ರವಾನೆ ದಕ್ಷಿಣಕ್ಕೆ ಮರಳುತ್ತಿತ್ತು.

ಆದರೆ ಈ ಪತ್ರವ್ಯವಸ್ಥೆಯ ರಕ್ಷಣೆ ತೋಟದ ಬೇಲಿಯವರೆಗೆ ಬರುತ್ತಿರಲಿಲ್ಲವೆಂಬುದನ್ನು ಮರೆಯಲಾಗದು. ಇಬ್ಬರು ವರ್ತಕರ ನಡುವೆ ಹುಂಡಿ, ಪೇಠ್, ಪರಪೇಠ್‌ಗಳೆಂಬ ಮೂರು ಹಂತದ ಭದ್ರತೆಯಿದ್ದರೆ, ರೈತ ಮತ್ತು ಮಂಡಿಯ ದಲ್ಲಾಳಿಯ ನಡುವೆ ಇದ್ದದ್ದು ಮುಂಗಡ, ಬಾಯಿಮಾತು ಮತ್ತು ‘ಪಟ್ಟಿ’, ಅಂದರೆ ತೂಕ, ದರ, ಕಡಿತಗಳನ್ನು ನಮೂದಿಸಿದ ಲೆಕ್ಕದ ಚೀಟಿ. ಕಾಯಿ ಅಟ್ಟದಲ್ಲಿರುವಾಗಲೇ ಮನೆಯ ಖರ್ಚಿಗಾಗಿ ಮುಂಗಡ ಪಡೆದ ರೈತನು ಅದೇ ಮಂಡಿಗೆ ಕೊಬ್ಬರಿ ಹಾಕಲು ಬದ್ಧನಾಗುತ್ತಿದ್ದನು. ಅಧಿಕೃತ ರಶೀದಿಯ ಬದಲು ಕೊಡುವ ‘ಬಿಳಿ ಚೀಟಿ’ಯ ವಿರುದ್ಧ ಕರ್ನಾಟಕದ ಮಾರುಕಟ್ಟೆಗಳಲ್ಲಿ ರೈತರು ದನಿ ಎತ್ತುತ್ತಲೇ ಬಂದಿರುವುದು ಬರಹದ ಈ ಅಸಮಾನತೆಯಿಂದಲೇ. ವ್ಯಾಪಾರದ ಸರಪಳಿಯಲ್ಲಿ ಅತ್ಯಂತ ಹೆಚ್ಚು ಕಾಲ ಕಾಯುವವನ ಕೈಯಲ್ಲಿಯೇ ಅತ್ಯಂತ ದುರ್ಬಲವಾದ ಕಾಗದವಿತ್ತು.

ಈ ಕೊರತೆಯನ್ನು ತುಂಬುವ ಕೆಲಸವನ್ನು ಸಂಸ್ಥೆಗಳು ನಿಧಾನವಾಗಿ ಕೈಗೊಂಡವು. 1880ರಲ್ಲಿ ಅಂಚೆ ಕಚೇರಿಗಳು ಮನಿಯಾರ್ಡರ್ ಸೇವೆಯನ್ನು ವಹಿಸಿಕೊಂಡದ್ದರಿಂದ ಸಣ್ಣ ಮೊತ್ತಗಳು ಹುಂಡಿ ಬರೆಯುವ ಸರಾಫರ ನೆರವಿಲ್ಲದೆ ಊರು ದಾಟತೊಡಗಿದವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಸ್ಥಾಪನೆಯಾದ ಮೈಸೂರು ಬ್ಯಾಂಕು ಸಂಸ್ಥಾನದ ವ್ಯಾಪಾರಕ್ಕೆ ಆಧುನಿಕ ಬ್ಯಾಂಕಿಂಗಿನ ಆಸರೆಯಾಯಿತು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯು ತೂಕ, ಹರಾಜು, ಪಾವತಿಗಳನ್ನು ಮಾರುಕಟ್ಟೆ ಸಮಿತಿಯ ಮೇಲ್ವಿಚಾರಣೆಗೆ ತಂದಿತು. ಈಗ ಬೆಂಬಲ ಬೆಲೆಯ ಖರೀದಿಯಲ್ಲಿ ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ; 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಎಂದು ನಿಗದಿಯಾಗಿತ್ತು. ಇತ್ತ ಪತ್ರಿಕೆಗಳ ಭಾಷೆಯಲ್ಲಿ ಹುಂಡಿ ಎಂಬುದು ಹವಾಲಾದೊಡನೆ ಸೇರಿ ಅಕ್ರಮ ಹಣಸಾಗಣೆಯ ಹೆಸರಾಗಿ ಕೇಳಿಬರುತ್ತಿರುವುದು, ಶತಮಾನಗಳ ಕಾಲ ಪ್ರಾಮಾಣಿಕತೆಯನ್ನೇ ಬಂಡವಾಳವಾಗಿಸಿಕೊಂಡಿದ್ದ ಪದಕ್ಕೆ ಒದಗಿದ ಅನ್ಯಾಯ.

ಹುಂಡಿಯ ಎರಡು ಅರ್ಥಗಳು ಸಂಧಿಸುವ ಕಥೆಯೊಂದು ಗುಜರಾತಿನಲ್ಲಿ ಪ್ರಸಿದ್ಧವಾಗಿದೆ. ಹದಿನೈದನೆಯ ಶತಮಾನದ ಭಕ್ತಕವಿ ನರಸಿಂಹ ಮೆಹತಾ ದ್ವಾರಕೆಗೆ ಹೊರಟ ಯಾತ್ರಿಕರಿಂದ ಹಣ ಪಡೆದು, ಅಲ್ಲಿನ ಶಾಮಳಶಾ ಶೇಠನ ಹೆಸರಿಗೆ ಹುಂಡಿ ಬರೆದುಕೊಟ್ಟನೆಂದೂ, ಅಂತಹ ವರ್ತಕನು ದ್ವಾರಕೆಯಲ್ಲಿ ಇಲ್ಲದಿದ್ದಾಗ ಕೃಷ್ಣನೇ ಶೇಠನ ವೇಷದಲ್ಲಿ ಬಂದು ಹಣ ತೆತ್ತನೆಂದೂ ಪ್ರತೀತಿ. ಭಕ್ತನ ಬರಹ ಸುಳ್ಳಾಗಬಾರದೆಂದು ದೇವರು ಸಾಲಗಾರನಾಗಿ ನಿಂತ ಈ ಕಥೆಯ ತಿರುಳು, ಬರೆದ ಮಾತು ಸಲ್ಲಲೇಬೇಕೆಂಬುದು. ತೆಂಗಿನ ಸೀಮೆಯ ಗುಡಿಗಳಲ್ಲಿ ಹುಂಡಿಗೆ ಹಣ ಹಾಕುವ ರೈತನು ರಶೀದಿಯನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ವರ್ಷವಿಡೀ ಅಟ್ಟದಲ್ಲಿ ಕಾದ ಕೊಬ್ಬರಿಯನ್ನು ಮಾರುಕಟ್ಟೆಯಲ್ಲಿ ಸುರಿಯುವಾಗ, ಶಾಹಜೋಗ್ ಹುಂಡಿ ವರ್ತಕನಿಗೆ ಕೊಡುತ್ತಿದ್ದಷ್ಟೇ ಗಟ್ಟಿಯಾದ ಬರಹವೊಂದು ಅವನ ಕೈಯಲ್ಲಿಯೂ ಇರಬೇಕಾದದ್ದು ನ್ಯಾಯ.