ಓಣಿಯ ಗರಡಿ: ದಾವಣಗೆರೆ–ಹರಿಹರದ ಸಾಮು ಪರಂಪರೆ

ದಾವಣಗೆರೆಯ ಹಳೇ ಪೇಟೆಯಲ್ಲೂ ಹರಿಹರದ ಓಣಿಗಳಲ್ಲೂ ಗರಡಿ ಮನೆಗಳು ಜನರ ಕೈಯಿಂದಲೇ ಎದ್ದವು, ಜನರ ಕೊಡುಗೆಯಿಂದಲೇ ನಡೆದವು. ಹುಡುಗರಿಗೆ ಅಲ್ಲಿ ಶುಲ್ಕವಿರಲಿಲ್ಲ, ಕಲಿಸುವ ಉಸ್ತಾದನಿಗೆ ಗೊತ್ತಾದ ಸಂಬಳವೂ ಇರಲಿಲ್ಲ. ಮೈ ಕಟ್ಟುವುದು, ಚಟಗಳಿಂದ ದೂರವಿರುವುದು, ಹೊತ್ತಿಗೆ ಸರಿಯಾಗಿ ಉಂಡು ಮಲಗುವುದು, ಉಳುಕಿದ ಕೈಕಾಲು ಸರಿಮಾಡಿಸಿಕೊಳ್ಳುವುದು ಎಲ್ಲವೂ ಒಂದೇ ಸೂರಿನಡಿ ನಡೆಯುತ್ತಿತ್ತು. ಕ್ರೀಡೆಯ ಮೂಲಕ ಸಮುದಾಯದ ಆರೋಗ್ಯ ಎಂದು ಇಂದಿನ ಸೇವಾಸಂಸ್ಥೆಗಳು ಹೇಳಿಕೊಳ್ಳುವ ಕೆಲಸವನ್ನು ಗರಡಿ ಯಾವ ನೋಂದಣಿಯೂ ಇಲ್ಲದೆ ತಲೆಮಾರುಗಳ ಕಾಲ ಮಾಡಿಕೊಂಡು ಬಂತು.

ಗರಡಿಯ ಸಾಮು, ಕುಸ್ತಿಯ ವಿದ್ಯೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ಭಾರ ಎತ್ತುವ, ನಡೆಯುವ, ಈಜುವ, ಕಂಬದ ಮೇಲೆ ಮಾಡುವ ಸಾಧನೆಗಳು ಅಲ್ಲಿ ವಿವರವಾಗಿ ಬರುತ್ತವೆ. ಇಂದಿನ ಮಲ್ಲಕಂಬದ ಪೂರ್ವಜನನ್ನು ಆ ಕಂಬದ ಸಾಧನೆಯಲ್ಲಿ ಗುರುತಿಸಬಹುದು. 16ನೇ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆಲ್ಲ ತಿಕ್ಕಿಕೊಂಡು, ತೂಕ ಎತ್ತಿ, ಕತ್ತಿ ಬೀಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿಗಿಳಿಯುತ್ತಿದ್ದನಂತೆ. ಮುಂದೆ ಮೈಸೂರು ಒಡೆಯರು ಜಟ್ಟಿಗಳಿಗೆ ಆಶ್ರಯ ಕೊಟ್ಟರು. ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ.

ಅರಮನೆಯ ಆಶ್ರಯದ ಮೈಸೂರು ಗರಡಿಗೂ ದಾವಣಗೆರೆಯ ಗರಡಿಗೂ ಒಂದು ಅಂತರವಿದೆ. ದಾವಣಗೆರೆ ರಾಜಧಾನಿಯಲ್ಲ, ವ್ಯಾಪಾರದ ಊರು. ಹೈದರಾಲಿ ಈ ಊರನ್ನು ಅಪ್ಪೋಜಿ ರಾಮ ಎಂಬ ಮರಾಠಾ ಮುಖಂಡನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ ಮೇಲೆ ಹಳ್ಳಿ ಪೇಟೆಯಾಯಿತು. ಪಕ್ಕದ ಹರಿಹರ ಮೈಸೂರು ಸಂಸ್ಥಾನದ ಅಂಚು. ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಆಚೆ ದಡದಿಂದ ಧಾರವಾಡ, ಬೆಳಗಾವಿಯ ದಾರಿ ಹಿಡಿದರೆ ಕೊಲ್ಹಾಪುರ. ಅಲ್ಲಿನ ದೊರೆ ಶಾಹು ಮಹಾರಾಜರ ಕಾಲದಲ್ಲಿ ಕೊಲ್ಹಾಪುರ ಕುಸ್ತಿಯ ಕಾಶಿಯೇ ಆಗಿತ್ತು. ಅಲ್ಲಿನ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ಹೀಗಾಗಿ ಈ ಸೀಮೆಯ ಪೈಲ್ವಾನರ ಬಾಯಲ್ಲಿ ಗರಡಿ, ಸಾಮು, ಪಟ್ಟುಗಳ ಜೊತೆಗೇ ತಾಲೀಮು, ಡಾವು, ಖುರಾಕುಗಳೂ ಬೆರೆತವು. ದಕ್ಷಿಣದ ಶಿಸ್ತು, ಉತ್ತರದ ಬಿರುಸು ಎರಡೂ ಕೂಡುವ ಜಾಗ ಇದು.

ಗರಡಿಯ ಜೀವ ಇರುವುದು ಮಣ್ಣಿನಲ್ಲಿ. ಕೆಮ್ಮಣ್ಣನ್ನು ತಂದು, ಕಲ್ಲು ಹರಳು ಉಳಿಯದಂತೆ ಜರಡಿ ಹಿಡಿದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಸೇರಿಸಿ ಹದ ಮಾಡುತ್ತಾರೆ. ಕೆಲವು ಕಡೆ ಬೇವಿನ ಎಲೆಯೂ ಬೀಳುತ್ತದೆ. ಮಣ್ಣು ಒಣಗಿದರೆ ಮೈ ತರಚುತ್ತದೆ, ಹಸಿ ಹೆಚ್ಚಾದರೆ ಕಾಲು ಜಾರುತ್ತದೆ. ಆದ್ದರಿಂದ ದಿನವೂ ಯಾರಾದರೂ ಸಲಿಕೆ ಹಿಡಿದು ಅದನ್ನು ಮಗುಚಲೇಬೇಕು. ಈ ಕೆಲಸ ಕಿರಿಯರದು. ಅರ್ಧ ಗಂಟೆ ಮಟ್ಟಿಯನ್ನು, ಅಂದರೆ ಕಣದ ಮಣ್ಣನ್ನು, ಅಗೆದವನ ಭುಜ, ಸೊಂಟ, ತೊಡೆ ಕುಸ್ತಿಗೆ ಮುನ್ನವೇ ಬಿಸಿಯಾಗಿರುತ್ತವೆ. ಅರಿಸಿನ, ಬೇವು ಬೆರೆತ ಮಣ್ಣು ಚರ್ಮಕ್ಕೆ ಒಳ್ಳೆಯದೆಂಬ ನಂಬಿಕೆ ಗಟ್ಟಿಯಾಗಿದೆ; ಕುಸ್ತಿ ಮುಗಿದ ಮೇಲೂ ಹುಡುಗರು ಬೆವರು ಆರುವವರೆಗೆ ಅದನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ.

ಬಾಗಿಲು ಗಿಡ್ಡ, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಹನುಮಂತನ ಮೂರ್ತಿ ಅಥವಾ ಪಟ, ಗೋಡೆಗೆ ಒರಗಿಸಿದ ಗದೆ, ಕರಲಾಕಟ್ಟೆ, ಕಲ್ಲುಗುಂಡು. ನಸುಕಿನಲ್ಲಿ ದಂಡ, ಬಸ್ಕಿ, ಆಮೇಲೆ ಜೋಡಿ ಬಿಟ್ಟು ಕುಸ್ತಿ, ಕೊನೆಗೆ ಮಾಲೀಸು. ಹಾಲು, ತುಪ್ಪ, ಬಾದಾಮಿಯ ಖುರಾಕು ಕುಸ್ತಿಪಟುವಿಗೆ ಬೇಕೇ ಬೇಕು ಎನ್ನುತ್ತಾರಾದರೂ ಬಡವರ ಮಕ್ಕಳು ರೊಟ್ಟಿ, ಶೇಂಗಾ, ಹಾಲಿನಲ್ಲೇ ಮೈ ಬೆಳೆಸಿದರು. ಬೀಡಿ, ಸೆರೆ ಮುಟ್ಟಿದವನಿಗೆ ಮಟ್ಟಿಗಿಳಿಯಲು ಅವಕಾಶವಿಲ್ಲ ಎಂಬ ಕಟ್ಟುಪಾಡು ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡಿತು. ಹದಿನಾರರ ಹುಡುಗನಿಗೆ ಅಪ್ಪನ ಬೈಗುಳಕ್ಕಿಂತ ಉಸ್ತಾದನ ಮೌನದ ಭಯ ದೊಡ್ಡದು.

ಉಸ್ತಾದನಿಗೆ ಇನ್ನೊಂದು ಕೆಲಸವೂ ಇತ್ತು. ಕುಸ್ತಿಯಲ್ಲಿ ಭುಜ ಜಾರುವುದು, ಮಣಿಕಟ್ಟು ಉಳುಕುವುದು ಸಾಮಾನ್ಯವಾದ್ದರಿಂದ ಅವನಿಗೆ ಕೀಲುಗಳ ಒಳಗುಟ್ಟು ಗೊತ್ತಿರುತ್ತಿತ್ತು. ಮೈಸೂರಿನ ಜಟ್ಟಿಗಳು ಮೂಳೆ ಕೂರಿಸುವುದಕ್ಕೆ ಹೆಸರಾದವರು. ಗರಡಿಯ ಕಟ್ಟೆಗೆ ಹಮಾಲಿಗಳು, ಗಾಡಿ ಹೊಡೆಯುವವರು, ಬಿದ್ದು ಕೈ ಮುರಿದುಕೊಂಡ ಮಕ್ಕಳು ಬಂದು ಕೂರುತ್ತಿದ್ದುದು ಇದೇ ಕಾರಣಕ್ಕೆ. ಎಕ್ಸ್‌ರೇ ಇಲ್ಲದ ಈ ಚಿಕಿತ್ಸೆಯಲ್ಲಿ ಅಪಾಯವೂ ಇತ್ತೆನ್ನಬೇಕು. ತಪ್ಪಾಗಿ ಕೂಡಿದ ಮೂಳೆ ಜೀವಮಾನವಿಡೀ ಕಾಡುತ್ತದೆ. ಆದರೂ ಆಸ್ಪತ್ರೆ ದೂರದ ಮಾತಾಗಿದ್ದ ಕಾಲದಲ್ಲಿ ಆ ಕಟ್ಟೆಯೇ ಬಡವರ ಮೊದಲ ಆಸರೆ.

20ನೇ ಶತಮಾನದ ಮೊದಲ ಅರ್ಧದಲ್ಲಿ ದೇಹಬಲದ ವಿಚಾರಕ್ಕೆ ಹೊಸ ಕಾವು ಬಂತು. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ಹಿಂದೂಸ್ತಾನಿ ಸೇವಾದಳ ಕಟ್ಟಿ ಯುವಕರಿಗೆ ಕವಾಯತು ಕಲಿಸಿದರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ದೇಶದಾಚೆಗೂ ಹೆಸರಾಯಿತು. ಸ್ವರಾಜ್ಯಕ್ಕೆ ಗಟ್ಟಿ ಮೈ ಬೇಕು ಎಂಬ ಮಾತು ಊರೂರಿಗೆ ಹಬ್ಬಿದ್ದರಿಂದ, ತಲೆತಲಾಂತರದ ಗರಡಿಗೂ ಹೊಸ ಗೌರವ ಸಿಕ್ಕಿತು.

ಇದೇ ಹೊತ್ತಿಗೆ ದಾವಣಗೆರೆಯ ಸ್ವರೂಪವೂ ಬದಲಾಯಿತು. ರೈಲು 19ನೇ ಶತಮಾನದ ಕೊನೆಯಲ್ಲೇ ಬಂದಿತ್ತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಶುರುವಾಗಿ, ಅದರ ಹಿಂದೆಯೇ ಇನ್ನಷ್ಟು ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಿತ್ತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳ ಕಾರ್ಖಾನೆ ಆರಂಭವಾಯಿತು. ಹತ್ತಿಯ ದೂಳಿನಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಮೈ ಸಡಿಲಿಸಲು, ಗೆಳೆಯರನ್ನು ಕೂಡಲು ಗರಡಿ ಹತ್ತಿರದ ಜಾಗ. ಮಂಡಿ ವರ್ತಕರು, ಗಿರಣಿಯವರು ಎಣ್ಣೆಗೆ, ಮಣ್ಣಿಗೆ, ಹಬ್ಬದ ಪೂಜೆಗೆ ಕೊಡುತ್ತಿದ್ದರು. ಹಾಲಿನವನು ಹಾಲು, ಬಡಗಿ ಗದೆ, ಉಳಿದವರು ಮೈಗೆಲಸ ಕೊಟ್ಟರು. ಕುರುಬ, ನಾಯಕ, ಲಿಂಗಾಯತ, ಮರಾಠ, ಮುಸ್ಲಿಂ ಹುಡುಗರು ಒಂದೇ ಮಣ್ಣು ಮೆತ್ತಿಕೊಂಡರು. ಹನುಮಂತನ ಪಟದ ಮುಂದೆ ಮುಸ್ಲಿಂ ಉಸ್ತಾದನಿಗೆ ಶಿಷ್ಯರು ಕಾಲು ಮುಟ್ಟಿ ನಮಸ್ಕರಿಸುವುದು ಈ ಲೋಕದಲ್ಲಿ ಅಚ್ಚರಿಯ ಸಂಗತಿಯಲ್ಲ.

ವರ್ಷಗಳ ಸಾಮು ಊರಿಗೆ ಕಾಣುವುದು ಜಾತ್ರೆಯಲ್ಲಿ. ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದರ ಜೊತೆಗೇ ಬಯಲು ಕುಸ್ತಿ. ಮೊದಲು ಕಣಕ್ಕಿಳಿಯುವವರು ಚಿಕ್ಕ ಹುಡುಗರು. ಹಲಗೆಯ ಸದ್ದು ಏರುತ್ತ ಹೋದಂತೆ ದೊಡ್ಡ ಜೋಡಿಗಳು ಬರುತ್ತವೆ. ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದರೆ ಮಾತ್ರ ಗೆಲುವು, ಅಂಕದ ಲೆಕ್ಕವಿಲ್ಲ. ಕುಸ್ತಿ ಮೆಚ್ಚಿದವರು ಅಲ್ಲೇ ಇನಾಮು ಕೂಗುತ್ತಾರೆ. ಕೊನೆಯ ಜೋಡಿಯಲ್ಲಿ ಗೆದ್ದವನಿಗೆ ಬೆಳ್ಳಿ ಗದೆ, ಹೆಗಲ ಮೇಲೆ ಮೆರವಣಿಗೆ. ಸೋತ ಹುಡುಗನಿಗೂ ಖರ್ಚಿಗೆ ಕಾಸು ಕೊಟ್ಟು ಕಳಿಸುವ ವಾಡಿಕೆ ಬಹಳ ಒಳ್ಳೆಯದು. ಅವನು ಮತ್ತೆ ಮಟ್ಟಿಗೆ ಮರಳುವುದು ಅದರಿಂದಲೇ.

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಹೆಣ್ಣುಮಕ್ಕಳಿಗೆ ಗರಡಿಯ ಬಾಗಿಲು ಮುಚ್ಚಿಯೇ ಇತ್ತು. ಓಣಿಯ ಆರೋಗ್ಯ ಎಂದರೂ ಅದು ಓಣಿಯ ಅರ್ಧ ಜನರದು ಮಾತ್ರ. 2004ರಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿದ ಮೇಲೆ ರಾಜ್ಯದಲ್ಲೂ ಗಾಳಿ ಬದಲಾಗಿ, ಗದಗ, ಹಳಿಯಾಳ ಕಡೆಯ ಹುಡುಗಿಯರು ಮ್ಯಾಟ್ ಮೇಲೆ ಹೆಸರು ಮಾಡಿದರು.

ಗರಡಿಗೆ ಹೊಡೆತ ಬಿದ್ದದ್ದು ಗಿರಣಿಗಳ ಜೊತೆಗೆ. 20ನೇ ಶತಮಾನದ ಕೊನೆಯ ದಶಕಗಳಲ್ಲಿ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಸಂಬಳ ನಿಂತ ಮನೆಯಲ್ಲಿ ಖುರಾಕಿನ ಮಾತಿಲ್ಲ. ವಂತಿಗೆ ಕೊಡುವ ಕೈಗಳೂ ಕಡಿಮೆಯಾದವು. ಕುಸ್ತಿ ಸ್ಪರ್ಧೆ ಮಾತ್ರ ಉಳಿದುಕೊಂಡಿತು, ಏಕೆಂದರೆ ಅದನ್ನು ಸರ್ಕಾರ ಎತ್ತಿಕೊಂಡಿತು. ಕ್ರೀಡಾ ಇಲಾಖೆಯ ದಾವಣಗೆರೆ ಕ್ರೀಡಾನಿಲಯ ಕುಸ್ತಿ ತರಬೇತಿಗೆ ಹೆಸರಾಗಿ, ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರು ಇಲ್ಲಿಗೆ ಬಂದು ಮ್ಯಾಟ್ ಕುಸ್ತಿ ಕಲಿತರು. ಪದಕ ಗೆಲ್ಲುವವರಿಗೆ ಊಟ, ವಸತಿ, ತರಬೇತುದಾರರು ಸಿಕ್ಕರು. ಪದಕದ ಆಸೆಯೇ ಇಲ್ಲದೆ ದಿನಕ್ಕೊಂದು ಗಂಟೆ ಮೈ ಬೆವರಿಸಿ ಹೋಗುತ್ತಿದ್ದ ಹಮಾಲಿ, ನೇಕಾರ, ಅಂಗಡಿ ಹುಡುಗನನ್ನು ಕೇಳುವವರು ಇಲ್ಲವಾದರು. ಗರಡಿಯ ನಿಜವಾದ ಬಳಗ ಅವರೇ ಆಗಿದ್ದರು.

ಊರಿನ ದುಡಿಮೆ ಈಗ ಕರೂರು ಕೈಗಾರಿಕಾ ಪ್ರದೇಶದಂಥ ಕಡೆಗೆ ಸರಿದಿದೆ. ಒಂದೇ ಗಿರಣಿಯಲ್ಲಿ ನೂರಾರು ಜನ ಕೂಡುತ್ತಿದ್ದ ಕಾಲ ಹೋಗಿ, ದುಡಿಯುವವರು ಬೇರೆ ಬೇರೆ ಘಟಕಗಳಲ್ಲಿ ಚದುರಿದ್ದಾರೆ. ವ್ಯಾಯಾಮ ಬೇಕೆಂದವರು ತಿಂಗಳ ಶುಲ್ಕ ಕಟ್ಟಿ ಜಿಮ್‌ಗೆ ಹೋಗುತ್ತಾರೆ, ಇಲ್ಲವೇ ಉದ್ಯಾನದ ಓಪನ್ ಜಿಮ್ ಹಿಡಿಯುತ್ತಾರೆ. ಆ ಉಪಕರಣಗಳ ಪಕ್ಕದಲ್ಲಿ ತಪ್ಪು ತಿದ್ದುವ ಉಸ್ತಾದನಿಲ್ಲ. ಉಳಿದಿರುವ ಗರಡಿಗಳಲ್ಲಿ ದುಗ್ಗಮ್ಮನ ಜಾತ್ರೆ ಹತ್ತಿರವಾದಾಗ ಹುಡುಗರ ಸಂಖ್ಯೆ ಏರುತ್ತದೆ. ಹೊಸ ಕೆಮ್ಮಣ್ಣು ಬರುತ್ತದೆ, ಎಣ್ಣೆ ಮಜ್ಜಿಗೆಗೆ ವಂತಿಗೆ ಎತ್ತುತ್ತಾರೆ.